ಭೀಮಬಾಯಿಯ ಕಿರುಬೆರಳು

೧೪ ಜೂನ್ ೧೯೭೭, ಬಸವಕಲ್ಯಾಣ

ಬೆಳಗಿನಿಂದ ನಲವತ್ತು ಎಡಗೈಗಳನ್ನು ಹಿಡಿದು ಕೂತು ನನ್ನ ಬಲಗೈ ಸೆಟೆದುಹೋಗಿದೆ. ಮೂರು ತಿಂಗಳಿಗೊಮ್ಮೆ ಈ ಹಬ್ಬ. ನಮ್ಮ ವಸತಿನಿಲಯದ ಒಬ್ಬೊಬ್ಬ ಹುಡುಗಿಗೂ ಪರದೇಶದಲ್ಲಿ ಒಬ್ಬ ದಾನಿ ಇದ್ದಾರೆ. ಹುಡುಗಿಯ ಊಟ, ಬಟ್ಟೆ, ಪಾಟಿ, ಪುಸ್ತಕ ಎಲ್ಲ ಅವರ ಪುಣ್ಯ. ಬದಲಿಗೆ ಇವಳು ಒಂದು ಕಾಗದ ಬರೆಯಬೇಕು, ಅದರ ಕೆಳಗೆ ಎಡಗೈ ಊರಿ ಸುತ್ತ ಪೆನ್ಸಿಲಿನ ಗೆರೆ ಎಳೆಯಬೇಕು. ಮಗು ಬೆಳೆಯುತ್ತಿದೆ ಎಂದು ದಾನಿಗೆ ಕಾಣಲಿ ಅಂತ ಈ ಪದ್ಧತಿ. ಹುಡುಗಿಯರು ಕನ್ನಡದಲ್ಲಿ ಗೀಚಿದ್ದನ್ನು ಇಂಗ್ಲಿಷಿಗೆ ತಿರುಗಿಸುವವಳು ನಾನು. ಊರವರು ಕಾಗದದ ಸರುಬಾಯಿ ಎನ್ನುತ್ತಾರೆ. ಗಂಡ ಬಿಟ್ಟ ಸರುಬಾಯಿ ಎನ್ನುವುದಕ್ಕಿಂತ ವಾಸಿ.

ಹುಡುಗಿಯರ ಹೆಸರುಗಳನ್ನು ನಾನು ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ನಂಬರು ಸಾಕು. ನಂಬರಿಗೆ ಜ್ವರ ಬರುವುದಿಲ್ಲ, ನಂಬರು ರಜೆಗೆ ಊರಿಗೆ ಹೋಗುವಾಗ ತಿರುಗಿ ತಿರುಗಿ ನೋಡುವುದಿಲ್ಲ.

ಹದಿನೇಳನೇ ನಂಬರಿನವಳು ಕೊಹಿನೂರು ಹಳ್ಳಿಯ ಕುರಿ ಕಾಯುವ ಪಂಡರಿಯ ಮಗಳು ಭೀಮಬಾಯಿ. ಹತ್ತು ವರ್ಷ. ಜೋಳ ಕೊಯ್ಯುವಾಗ ಕುಡುಗೋಲು ತಾಗಿ ಎಡಗೈಯ ಕಿರುಬೆರಳು ಅರ್ಧಕ್ಕೆ ಹೋಗಿದೆ. ಹೋದ ವರ್ಷ ಅವಳನ್ನು ಸೇರಿಸುವಾಗ ಅರ್ಜಿಯಲ್ಲಿ ಅಂಗಕ್ಕೆ ಊನ ಇದೆಯೇ ಎಂಬಲ್ಲಿ ಇಲ್ಲ ಎಂದು ನಾನೇ ಬರೆದೆ. ಇದೆ ಎಂದರೆ ದೊಡ್ಡ ಡಾಕ್ಟರ ಸರ್ಟಿಫಿಕೇಟು ಬೇಕು. ಅದು ಕೈಗೆ ಬರುವಷ್ಟರಲ್ಲಿ ಜಾಗ ಇನ್ನೊಬ್ಬರ ಪಾಲಾಗುತ್ತದೆ. ಅರ್ಧ ಬೆರಳಿಗೆ ಅಷ್ಟು ರಗಳೆ ಯಾಕೆ? ಆದರೆ ಅರ್ಜಿಯಲ್ಲಿ ಇಲ್ಲದ ಊನ ಕಾಗದದಲ್ಲಿ ಕಾಣಬಾರದಲ್ಲ. ಹಾಗಾಗಿ ಪ್ರತಿ ಸಲ ಅವಳು ಕೈ ಎತ್ತಿದ ಮೇಲೆ ಕಿರುಬೆರಳನ್ನು ನಾನು ಪೂರ್ತಿ ಮಾಡುತ್ತೇನೆ. ಇವತ್ತು ತುದಿಯ ದುಂಡು ಬಲು ನೀಟಾಗಿ ಬಂತು. ಹುಡುಗಿ ಬಗ್ಗಿ ನೋಡಿ, “ಚಂದ ಬಂದದ್ರಿ ಬಾಯೋರ” ಎಂದಳು.

೨೧ ಆಗಸ್ಟ್ ೧೯೭೭

ಹದಿನೇಳಕ್ಕೆ ಪಾರ್ಸಲ್ ಬಂತು. ಅವಳ ದಾನಿ ಡೆನ್ಮಾರ್ಕಿನ ಇಂಗ್ರಿಡ್ ಎಂಬ ಮುದುಕಿ. ಮದುವೆಯಾದವಳಲ್ಲ. ನಲವತ್ತು ವರ್ಷ ಕೈಗವಸು ಹೊಲಿಯುವ ಅಂಗಡಿಯಲ್ಲಿ ದುಡಿದು ಈಗ ಮನೆಯಲ್ಲಿ ಕೂತಿದ್ದಾಳೆ. ಹುಡುಗಿಯರ ಬಾಯಲ್ಲಿ ಅವಳು ಇಂಗಿರಿಬಾಯಿ. ಪಾರ್ಸಲಿನಲ್ಲಿದ್ದದ್ದು ಕೆಂಪು ಉಣ್ಣೆಯ ಕೈಗವಸು, ಕಾಗದದ ಮೇಲಿನ ಕೈಯ ಅಳತೆಗೆ ಹೆಣೆದದ್ದು. ಬಸವಕಲ್ಯಾಣದ ಈ ಸೆಕೆಯಲ್ಲಿ ಉಣ್ಣೆಯ ಕೈಗವಸು! ನಲವತ್ತು ಹುಡುಗಿಯರೂ ಸರದಿಯಲ್ಲಿ ಹಾಕಿಕೊಂಡು ಬೆವರಿ ಖುಷಿಪಟ್ಟರು. ಅಡುಗೆಯ ಜೈನಬಿ ಅದನ್ನು ಹಾಕಿಕೊಂಡು ಒಲೆಯ ಮೇಲಿನ ಪಾತ್ರೆ ಇಳಿಸಲು ಹೋಗಿದ್ದಳು, ಕಸಿದುಕೊಂಡೆ.

ಭೀಮಬಾಯಿ ಹಾಕಿಕೊಂಡಾಗ ಎಡಗೈಯ ಕಿರುಬೆರಳಿನ ತುದಿ ಜೋತುಬಿತ್ತು. ಅವಳಿಗೆ ಅದರ ಬೇಸರವಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಜೋಳದ ದಂಟು ಸೀಳಿ, ಒಳಗಿನ ಬೆಂಡು ಮುರಿದು ಆ ತುದಿಯಲ್ಲಿ ತುಂಬಿದಳು. ಬೆರಳು ನೆಟ್ಟಗೆ ನಿಂತಿತು. ನನ್ನ ಕಡೆ ಕೈ ಎತ್ತಿ ತೋರಿಸಿದಳು. ಚುರುಕು ಹುಡುಗಿ. ಓದಿದರೆ ಮುಂದೆ ಬರುತ್ತಾಳೆ.

೧೮ ನವೆಂಬರ್ ೧೯೭೭

ಪಂಡರಿ ಬಂದು ಮಗಳನ್ನು ಕರೆದುಕೊಂಡು ಹೋದ. ಅವನ ಹೆಂಡತಿ ಬಸುರಿ, ಮೈಗೆ ಹುಷಾರಿಲ್ಲ. ದೀಪಾವಳಿ ಮುಗಿದ ಮೇಲೆ ಈ ಜನ ಊರೂರು ತಿರುಗಿ ಹೊಲಗಳಲ್ಲಿ ಕುರಿ ಕೂರಿಸುತ್ತಾರೆ. ಹೊಲಕ್ಕೆ ಗೊಬ್ಬರ, ಇವರಿಗೆ ಜೋಳ. ಮರಿಗಳನ್ನು ನೋಡಿಕೊಳ್ಳಲು ಒಂದು ಕೈ ಬೇಕಂತೆ. ಎರಡು ತಿಂಗಳು ಬರದಿದ್ದರೆ ಹೆಸರು ಹೊಡೆಯುತ್ತಾರೆ, ಜಾಗ ಬೇರೆಯವರಿಗೆ ಹೋಗುತ್ತದೆ ಎಂದು ನಾಲ್ಕು ಸಲ ಹೇಳಿದೆ. ಯುಗಾದಿಗೆ ತಂದು ಬಿಡುತ್ತೇನೆ ಎಂದ. ಅದು ಐದು ತಿಂಗಳು. ಲೆಕ್ಕ ಹಾಕಿ ಹೇಳಿದರೆ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

ಹುಡುಗಿ ಕೈಗವಸನ್ನು ಮಡಚಿ ನನ್ನ ಮೇಜಿನ ಮೇಲಿಟ್ಟಳು. ಕುರಿ ತಿಂದುಬಿಡುತ್ತವೆ, ನಿಮ್ಮಲ್ಲಿರಲಿ ಎಂದಳು. ಆಮೇಲೆ, “ನನ್ನ ಜಾಗಾ ಹಿಡದ ಇಡ್ರಿ ಬಾಯೋರ” ಎಂದಳು. ಹೂಂ ಎಂದೆ. ಇಂಥವರಿಗೆಲ್ಲ ಹೂಂ ಎನ್ನುವುದು ರೂಢಿ.

೧೨ ಡಿಸೆಂಬರ್ ೧೯೭೭

ಕಾಗದದ ಸರದಿ ಮತ್ತೆ ಬಂತು. ಹದಿನೇಳರ ಕಾಗದ ಇಲ್ಲ ಎಂದರೆ ಹುಮನಾಬಾದಿನ ಮುಖ್ಯ ಕಚೇರಿಯಿಂದ ಪ್ರಶ್ನೆ ಬರುತ್ತದೆ. ಅಲ್ಲಿನ ಜ್ಞಾನೇಶ್ವರ ಸಾಹೇಬರು ಕೆಟ್ಟವರಲ್ಲ. ಆದರೆ ನಿಯಮದ ಪುಸ್ತಕವನ್ನು ದೇವರ ಪಕ್ಕ ಇಟ್ಟುಕೊಂಡವರು.

ಹತ್ತು ದಿನದಿಂದ ರಾಜೇಶ್ವರದ ಕೇಶರಬಾಯಿ ಎಂಬ ಮುದುಕಿ ಮೊಮ್ಮಗಳನ್ನು ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು. ತಂದೆ ತಾಯಿ ಇಲ್ಲದ ಹುಡುಗಿ, ಹೆಸರು ಗಯಾಬಾಯಿ. ಜಾಗ ಖಾಲಿಯಾದರೆ ಮೊದಲ ಹೆಸರು ಅವಳದ್ದೇ. ಖಾಲಿಯಾಗಿದೆ ಎಂದರೆ ಭೀಮಬಾಯಿಯ ದಾರಿ ಮುಚ್ಚಿತು. ಇಲ್ಲ ಎಂದರೆ ಇವಳಿಗೆ ಊಟವಿಲ್ಲ. ಯೋಚಿಸಿ ಯೋಚಿಸಿ ಹುಡುಗಿಯನ್ನು ಒಳಗೆ ಕರೆದೆ. ಭೀಮಬಾಯಿ ಬರುವ ತನಕ ಅವಳ ಹಾಸಿಗೆಯಲ್ಲಿ ಮಲಗು, ಅವಳ ತಟ್ಟೆಯಲ್ಲಿ ಉಣ್ಣು, ಹೆಸರು ಕೂಗಿದಾಗ ಓ ಎನ್ನು ಎಂದೆ. ಅವಳ ಕೈ ಊರಿಸಿ ಗೆರೆ ಎಳೆದೆ. ಐದೂ ಬೆರಳು ಪೂರ್ತಿ ಇವೆ, ನನ್ನ ಕೆಲಸ ಹಗುರವಾಯಿತು. ಕಾಗದ ನಾನೇ ಬರೆದೆ.

ಅಡುಗೆಮನೆಯಿಂದ ಎಲ್ಲ ನೋಡುತ್ತಿದ್ದ ಜೈನಬಿ ಊಟಕ್ಕೆ ಬಡಿಸುವಾಗ ಹೇಳಿದಳು: “ಒಂದು ಪೋರಿ ಜಾಗಾದಾಗ ಇನ್ನೊಂದು ಪೋರಿ ಮಲಗಿಸಿದಿ ಸರುಬಾಯಿ. ನಾಳೆ ಯಾರನ್ನ ಎಬ್ಬಿಸ್ತಿ?” ಬೇಳೆಗೆ ಉಪ್ಪು ಕಡಿಮೆಯಾಗಿದೆ ಎಂದೆ.

೭ ಜನವರಿ ೧೯೭೮

ಸಾಹೇಬರು ತಿಳಿಸದೆ ಬಂದರು. ಅಂಗಳದಲ್ಲಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಹೆಸರು ಕೂಗಿದರು. ಹದಿನಾರಾಯಿತು. ಭೀಮಬಾಯಿ ಎಂದರು. ಯಾರೂ ಓ ಎನ್ನಲಿಲ್ಲ. ಮತ್ತೊಮ್ಮೆ ಕೂಗಿದರು. ಆಗ ಗಯಾ, “ಹಾಜರ್ರಿ” ಎಂದಳು.

ಅರ್ಜಿಯಲ್ಲಿದ್ದದ್ದು ಹೇನಿಗೆ ಹೆದರಿ ತಲೆ ಬೋಳಿಸಿದ ಫೋಟೋ, ಹೆತ್ತವಳಿಗೂ ಗುರುತು ಸಿಗದಂಥದ್ದು. ಸಾಹೇಬರು ಅದನ್ನೂ ಇವಳನ್ನೂ ನೋಡಿ, ಈ ಹುಡುಗಿಯ ಕಿವಿ ಮಂದವಾಗಿರಬಹುದು, ಡಾಕ್ಟರಿಗೆ ತೋರಿಸಿ ಎಂದು ಬರೆದು ಹೋದರು.

೧೫ ಮಾರ್ಚ್ ೧೯೭೮

ಇಂಗ್ರಿಡ್‌ಗೆ ಬರೆಯುವ ಕಾಗದ ಈ ಸಲ ಉದ್ದವಾಯಿತು. ಹುಡುಗಿಯ ಹೆಸರಿನಲ್ಲಿ ಏನಾದರೂ ತುಂಬಿಸಬೇಕಲ್ಲ. ಮಳೆ ಬಂದಾಗ ತಗಡಿನ ಮಾಡಿನ ಸದ್ದಿಗೆ ನನಗೆ ಹೆದರಿಕೆ ಎಂದು ಬರೆದೆ. ಎಲ್ಲರೂ ರಜೆಗೆ ಮನೆಗೆ ಹೋದಾಗ ಈ ಕಟ್ಟಡ ಬಹಳ ದೊಡ್ಡದಾಗಿ ಕಾಣುತ್ತದೆ ಎಂದು ಬರೆದೆ. ಇಂಗ್ಲಿಷ್ ಸಲೀಸಾಗಿ ಬಂತು, ಒಂದೆರಡು ಸಲ ಮಾತ್ರ ಡಿಕ್ಷನರಿ ತೆಗೆದೆ.

೧೧ ಜೂನ್ ೧೯೭೮

ಯುಗಾದಿ ಬಂತು, ಹೋಯಿತು. ಶಾಲೆ ಶುರುವಾಯಿತು. ಪಂಡರಿಯ ಸುಳಿವಿಲ್ಲ.

ಇಂಗ್ರಿಡ್‌ಳ ಉತ್ತರ ಬಂದಿದೆ. “ಮಳೆಯ ಸದ್ದಿಗೆ ಹೆದರಬೇಡ. ಎದ್ದು ದೀಪ ಹಚ್ಚು, ಯಾರಿಗಾದರೂ ಒಂದು ಕಾಗದ ಬರೆ. ನಾನೂ ಹಾಗೆಯೇ ಮಾಡುತ್ತೇನೆ” ಎಂದು ಬರೆದಿದ್ದಾಳೆ. ಕಳಿಸಿದ ಕೈಗಳನ್ನೆಲ್ಲ ಗೋಡೆಗೆ ಅಂಟಿಸಿದ್ದಾಳಂತೆ. ಕಾಗದವನ್ನು ಫೈಲಿಗೆ ಹಾಕಬೇಕಿತ್ತು. ನನ್ನ ಟ್ರಂಕಿನಲ್ಲಿದೆ. ನಾಳೆ ಹಾಕುತ್ತೇನೆ.

ಗಯಾಳಿಗೆ ಪರೀಕ್ಷೆಯಲ್ಲಿ ಲೆಕ್ಕಕ್ಕೆ ತೊಂಬತ್ತೊಂದು. ಪ್ರಗತಿಪತ್ರದಲ್ಲಿ ಭೀಮಬಾಯಿ, ತೊಂಬತ್ತೊಂದು. ನನ್ನನ್ನು ಗುಟ್ಟಾಗಿ ಕರೆದು, ಈ ಮಾರ್ಕು ಯಾರದು ಎಂದು ಕೇಳಿದಳು. ಗಟ್ಟಿಯಾಗಿ ಮಾತಾಡಬೇಡ ಎಂದು ಗದರಿದೆ.

೨೩ ಜುಲೈ ೧೯೭೮

ಕೊನೆಗೂ ಹುಡುಕಿದೆ. ಕೊಹಿನೂರಿನಲ್ಲಿ ವಿಚಾರಿಸಿದರೆ ಬೇಮಳಖೇಡದ ಕಡೆ ಇದ್ದಾರೆ ಎಂದರು. ಹುಮನಾಬಾದಿಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಎರಡು ಮೈಲಿ ಎರೆ ಮಣ್ಣಿನ ಕೆಸರು. ಚಪ್ಪಲಿಗೆ ಮಣ್ಣು ಮೆತ್ತಿ ಒಂದೊಂದು ಕಾಲು ಒಂದೊಂದು ಸೇರು ತೂಗುತ್ತಿತ್ತು. ಈ ವಯಸ್ಸಿನಲ್ಲಿ ನನಗೆ ಬೇಕಿತ್ತೇ ಇದು!

ಭೀಮಬಾಯಿ ಬದುವಿನ ಮೇಲೆ ಕೂತಿದ್ದಳು. ಸೊಂಟದಲ್ಲಿ ತಮ್ಮ. ತಾಯಿ ಹೆತ್ತ ಮೇಲೆ ಏಳಲಾರದೆ ಕೊಹಿನೂರಿನಲ್ಲೇ ಇದ್ದಾಳೆ. ಮೇಕೆ ಹಾಲು ಕುಡಿಸಿ ಕೂಸನ್ನು ಸಾಕುತ್ತಿರುವವಳು ಇವಳೇ. ನನ್ನನ್ನು ನೋಡಿ ಎದ್ದು ನಿಂತಳು, ಮೊದಲು ಕೇಳಿದ್ದು ಒಂದೇ ಮಾತು.

“ನನ್ನ ಜಾಗಾ ಅದರಿ ಬಾಯೋರ?”

“ಅದ.”

“ಯಾರರ ಮಲಗ್ಯಾರೇನ್ರಿ?”

ಯಾರೂ ಇಲ್ಲ ಎಂದೆ. ಹುಡುಗಿ ಕೆಸರಿನಲ್ಲಿ ಕಡ್ಡಿಯಿಂದ ಬರೆದ ಅಕ್ಷರಗಳನ್ನು ತೋರಿಸಿದಳು. ಮರೆಯಬಾರದೆಂದು ದಿನಾ ಬರೆಯುತ್ತಾಳಂತೆ, ಕುರಿ ತುಳಿದುಹಾಕುತ್ತವಂತೆ.

ಪಂಡರಿಯೊಂದಿಗೆ ಜಗಳವಾಡಿದೆ. ಅವನ ಮಾತು ನೇರ. ಅವನ ತಮ್ಮನ ಹೆಂಡತಿ ಬಂದು ಕೂಸನ್ನು ನೋಡಿಕೊಳ್ಳುವ ಹಾಗಾದರೆ ಇವಳನ್ನು ಕಳಿಸಬಹುದು. ಆದರೆ ಕಳಿಸಲು ಜಾಗ ಇರಬೇಕು. “ಜಾಗಾ ಇದ್ರ ಓದ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಂದ್ರ ಚೈತ್ರದಾಗ ಲಗ್ನ. ವರ ನೋಡಿಟ್ಟೀನಿ” ಎಂದ. ಹನ್ನೊಂದು ವರ್ಷದ ಹುಡುಗಿ. ಜಾಗ ಇದೆ ಎಂದು ದೇವರ ಮೇಲೆ ಆಣೆ ಮಾಡಿದೆ.

ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. ಅವಳು ಬಂದ ದಿನ ಗಯಾ ಹೋಗಬೇಕು. ಎಲ್ಲಿಗೆ ಎಂದು ಗೊತ್ತಿಲ್ಲ. ತಲೆನೋವು ಬಂತು, ಕಣ್ಣು ಮುಚ್ಚಿ ಕೂತೆ.

೨೦ ನವೆಂಬರ್ ೧೯೭೮

ದೀಪಾವಳಿ ಕಳೆದು ಇಪ್ಪತ್ತು ದಿನ. ಬರಲಿಲ್ಲ. ದಿನಾ ಬಾಗಿಲ ಕಡೆ ನೋಡುತ್ತೇನೆ. ಬರಲಿ ಎಂದು ನೋಡುತ್ತೇನೋ ಬಾರದಿರಲಿ ಎಂದು ನೋಡುತ್ತೇನೋ ನನಗೇ ತಿಳಿಯದು.

೨೯ ಡಿಸೆಂಬರ್ ೧೯೭೮

ಎಳ್ಳಮಾಸಿ ಹಬ್ಬ. ಹುಡುಗಿಯರೆಲ್ಲ ಹೊಲದ ಊಟಕ್ಕೆ ಊರಿಗೆ ಹೋದರು. ಗಯಾಳ ಅಜ್ಜಿ ಕೇಶರಬಾಯಿ ಮಳೆಗಾಲದಲ್ಲೇ ತೀರಿಕೊಂಡಳು, ಹೋಗಲು ಮನೆಯಿಲ್ಲ. ಜೈನಬಿ ಮಾಡಿದ ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ನಾವಿಬ್ಬರೇ ಕೆರೆ ದಂಡೆಗೆ ಹೋಗಿ ಉಂಡೆವು. ಹುಡುಗಿ ಬಾಯಿ ಬಿಟ್ಟರೆ ಮುಚ್ಚುವುದಿಲ್ಲ. ಅವಳ ತಲೆಗೆ ಎಣ್ಣೆ ಹಾಕಿ ಬಾಚಿದೆ, ಹೇನು ಬೇರೆಯವರಿಗೆ ಹರಡುತ್ತದೆ ಅಂತ, ಅಷ್ಟಕ್ಕೇ. ಭೀಮಬಾಯಿ ಬಂದರೆ ನಾನು ಎಲ್ಲಿ ಮಲಗಬೇಕು ಎಂದು ಕೇಳಿದಳು. ರೊಟ್ಟಿ ತಿನ್ನು ಎಂದೆ.

೧೨ ಜನವರಿ ೧೯೭೯

ಇಂಗ್ರಿಡ್ ಬರುತ್ತಿದ್ದಾಳೆ. ಫೆಬ್ರವರಿ ಒಂದಕ್ಕೆ. ಕೂಡಿಟ್ಟದ್ದನ್ನೆಲ್ಲ ಖರ್ಚು ಮಾಡಿ ವಿಮಾನ ಹತ್ತಿ ತನ್ನ ಭೀಮಬಾಯಿಯನ್ನು ನೋಡಲು ಬರುತ್ತಾಳಂತೆ. ಗೋಡೆಗೆ ಅಂಟಿಸಿದ ಕೈಗಳನ್ನೂ ಬಿಡಿಸಿ ತರುತ್ತಾಳಂತೆ.

೨೨ ಜನವರಿ ೧೯೭೯

ಸಾಹೇಬರು ಹುಮನಾಬಾದಿಗೆ ಕರೆಸಿದ್ದರು. ಅವರಿಗೆ ಇದು ದೊಡ್ಡ ಹಬ್ಬ. ಹುಡುಗಿಯ ಕೈಯನ್ನು ಆ ಕಾಗದಗಳ ಮೇಲೆ ಇಟ್ಟು ಫೋಟೋ ತೆಗೆಸಿ ಎಲ್ಲ ದಾನಿಗಳಿಗೂ ಕಳಿಸಬೇಕೆಂದು ಆಸೆ. “ಒಂದು ಕೂದಲಷ್ಟು ತಪ್ಪಾದ್ರೂ ನಡಿಯಂಗಿಲ್ಲ ಸರುಬಾಯಿಯವರ. ಒಬ್ಬ ದಾನಿ ನಂಬಿಕಿ ಕಳಕೊಂಡ್ರ ನಲವತ್ತೂ ಪೋರಿಯರ ತಾಟು ಖಾಲಿ ಆಗ್ತದ” ಎಂದರು. ಅವರು ಸುಮ್ಮನೆ ಹೇಳಿದ್ದು. ನಾನು ಹೂಂ ಎಂದೆ.

ಬಸ್ಸಿನಲ್ಲಿ ಎಲ್ಲವನ್ನೂ ತಿರುವಿ ಹಾಕಿ ನೋಡಿದೆ. ಗಯಾಳ ಕೈ ಕಾಗದಕ್ಕೆ ಹೊಂದುತ್ತದೆ. ಹೊಸ ಕಾಗದಗಳಲ್ಲಿರುವುದು ಅವಳದ್ದೇ ಕೈ. ಹಳೆಯವುಗಳಲ್ಲೂ ಐದು ಬೆರಳು ಪೂರ್ತಿ ಇವೆ, ನನ್ನ ದಯೆಯಿಂದ. ಹೊಂದದೆ ಇರುವುದು ಭೀಮಬಾಯಿಯ ಕೈ ಒಂದೇ! ನಿಜವಾದ ಹುಡುಗಿ ಬಂದು ನಿಂತರೆ ಅವಳೇ ಸುಳ್ಳಾಗುತ್ತಾಳೆ. ಐದು ಸಲ ನೀಟಾಗಿ ದುಂಡಗೆ ಎಳೆದ ಆ ಗೆರೆ ನೆನೆದರೆ ಪೆನ್ಸಿಲು ಮುಟ್ಟಲು ಅಸಹ್ಯವಾಗುತ್ತದೆ.

ಪಂಡರಿಗೆ ಬೇಮಳಖೇಡದ ಅಂಚೆ ವಿಳಾಸಕ್ಕೆ ಕಾರ್ಡು ಹಾಕಿದೆ: ಜಾಗ ಇದೆ, ಫೆಬ್ರವರಿ ಐದರ ನಂತರ ಕರೆದುಕೊಂಡು ಬನ್ನಿ, ಅದಕ್ಕೆ ಮುಂಚೆ ಬೇಡ. ಮುಂಚೆ ಬೇಡ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಮುದುಕಿ ಬಂದು ಹೋಗಲಿ, ಆಮೇಲೆ ಏನಾದರೂ ದಾರಿ ಹುಡುಕಿದರಾಯಿತು.

೩೧ ಜನವರಿ ೧೯೭೯

ಗಯಾ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದಾಳೆ: ನನ್ನ ಹೆಸರು ಭೀಮಬಾಯಿ. ನೂರು ಸಲ ಹೇಳಿಸಿದೆ. ಈಗ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಾಳೆ.

೧ ಫೆಬ್ರವರಿ ೧೯೭೯

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಹನ್ನೊಂದಕ್ಕೆ ಡ್ರೈವರ್ ವಜೀರ್ ಕಚೇರಿಯ ಜೀಪನ್ನು ಅಂಗಳದಲ್ಲಿ ನಿಲ್ಲಿಸಿದ. ಸಾಹೇಬರು ಇಳಿದು ಬಾಗಿಲು ತೆಗೆದರು. ಇಂಗ್ರಿಡ್ ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ, ಬೆನ್ನು ಸ್ವಲ್ಪ ಬಾಗಿದೆ, ಧೂಳಿಗೆ ಕಣ್ಣು ಕೆಂಪಾಗಿದ್ದವು. ಗಯಾ ಕೆಂಪು ಕೈಗವಸು ಹಾಕಿಕೊಂಡು ಮುಂದೆ ನಿಂತಿದ್ದಳು. ಕಲಿಸಿದ್ದನ್ನು ತಪ್ಪಿಲ್ಲದೆ ಹೇಳಿದಳು. ಮುದುಕಿ ಮಂಡಿಯೂರಿ ಕೂತು ಅವಳ ಕೈಗಳನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ರಟ್ಟಿನ ಫೈಲು ತೆಗೆದು ಕೈಗಳನ್ನು ಮೇಜಿನ ಮೇಲೆ ಹರಡಿದಳು. ಎಲ್ಲವೂ ನನ್ನ ಅಕ್ಷರದ ಕೆಳಗಿನ ಕೈಗಳು. ಗಯಾ ಕೈಗವಸು ತೆಗೆದು ಕೊನೆಯ ಕಾಗದದ ಮೇಲೆ ಕೈ ಇಟ್ಟಳು. ಅಚ್ಚಿನಲ್ಲಿ ಕೂತ ಹಾಗೆ ಕೂತಿತು. ಸಾಹೇಬರು ಚಪ್ಪಾಳೆ ತಟ್ಟಿದರು, ಹುಡುಗಿಯರೂ ತಟ್ಟಿದರು. ಮುಗಿಯಿತು, ಪಾರಾದೆ ಎಂದುಕೊಂಡೆ.

ಆಗ ಬಾಗಿಲಲ್ಲಿ ಪಂಡರಿ ಕಂಡ. ಪಕ್ಕದಲ್ಲಿ ಭೀಮಬಾಯಿ, ಹೆಗಲ ಮೇಲೆ ಅವನದ್ದೇ ಕಂಬಳಿ, ಕೈಯಲ್ಲಿ ಬಟ್ಟೆಯ ಗಂಟು. ಪಂಡರಿ ಹಲ್ಲು ಬಿಟ್ಟು ಹೇಳಿದ: “ಕಾರ್ಡ ಪೋರೀನ ಓದಿದಳ್ರಿ. ಜಾಗಾ ಅದ ಅಂತ ಓದಿದಾಕಿ ಮುಂದಿಂದು ಕೇಳವಲ್ಲಳು. ನಾಕ ದಿನ ತಡಿ ಅಂದ್ರ ತಡೀಲಿಲ್ಲ.”

ಅವಳೇ ಓದಿದ್ದಾಳೆ. ಕೆಸರಿನಲ್ಲಿ ಬರೆದು ಬರೆದು ಉಳಿಸಿಕೊಂಡ ಅಕ್ಷರದಿಂದ. ಅದು ನನಗೆ ಹೊಳೆದೇ ಇರಲಿಲ್ಲ.

ಭೀಮಬಾಯಿ ಎಲ್ಲರನ್ನೂ ನೋಡಿದಳು. ಮೇಜಿನ ಮೇಲಿನ ಕೈಗಳನ್ನು ನೋಡಿದಳು, ಗಯಾಳ ಮುಂದಿದ್ದ ಕೆಂಪು ಕೈಗವಸು ನೋಡಿದಳು, ಆಮೇಲೆ ನನ್ನನ್ನು. ಅವಳಿಗೆ ಎಲ್ಲ ತಿಳಿಯಿತು. ಎಡಗೈ ಕಂಬಳಿಯೊಳಗೆ ಹೋಯಿತು. ಸಾಹೇಬರು ಯಾರಿವರು ಎಂದರು. ಇಂಗ್ರಿಡ್ ಹುಡುಗಿಯ ಹತ್ತಿರ ಹೋಗಿ ನಿನ್ನ ಹೆಸರೇನು ಎಂದು ಇಂಗ್ಲಿಷಿನಲ್ಲಿ ಕೇಳಿ, ಪ್ರಶ್ನೆಯನ್ನು ಕನ್ನಡದಲ್ಲಿ ಹೇಳು ಎಂದು ನನ್ನ ಕಡೆ ತಿರುಗಿದಳು. ಹೇಳಿದೆ.

“ನಾ ಕುರಿಯವರ ಪೋರಿ ಇದೀನ್ರಿ,” ಎಂದಳು ಭೀಮಬಾಯಿ. “ಹಾದಿ ಹಿಡದು ಹೊಂಟಿದ್ವಿ. ಜೀಪ ಕಾಣಿಸ್ತು, ನೋಡಾಕ ಬಂದೆ.”

ಪಂಡರಿ ಬಾಯಿ ತೆರೆದ. ಅವಳು ಅವನ ಧೋತರ ಹಿಡಿದು ಎಳೆದಳು, ನಡೀ ಎನ್ನುವ ಹಾಗೆ.

ಇಂಗ್ರಿಡ್ ನನ್ನ ಮುಖ ನೋಡುತ್ತಿದ್ದಳು. ಹುಡುಗಿ ಏನೆಂದಳು ಎಂದು ಕೇಳಿದಳು. ಎರಡು ವರ್ಷದಿಂದ ಈ ಹುಡುಗಿಯರು ಹೇಳದೆ ಇದ್ದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದೇನೆ, ಇವತ್ತೂ ಅವಳು ಹೇಳದೆ ಇದ್ದದ್ದನ್ನೇ ಹೇಳಿದೆ.

“ಇವಳೇ ಭೀಮಬಾಯಿ” ಎಂದೆ. “ಹದಿನಾಲ್ಕು ತಿಂಗಳಿಂದ ಇಲ್ಲಿರಲಿಲ್ಲ. ಇವಳ ಕಿರುಬೆರಳು ಅರ್ಧವೇ ಇದೆ. ಕಾಗದದ ಮೇಲಿರುವ ಉಳಿದರ್ಧ ನಾನು ಬರೆದದ್ದು.”

ಸಾಹೇಬರು ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಏನು ಮಾತಾಡುತ್ತಿದ್ದೀರಿ, ಎಚ್ಚರವಿದೆಯೇ ಎಂದರು. ಎಚ್ಚರವಿತ್ತು.

ಇಂಗ್ರಿಡ್ ಕಂಬಳಿಯೊಳಗೆ ಕೈ ಹಾಕಿ ಆ ಎಡಗೈಯನ್ನು ಮೆಲ್ಲಗೆ ಹೊರಗೆ ತೆಗೆದಳು. ಹೊಲಿಗೆಯವಳು ಬಟ್ಟೆ ನೋಡುವ ಹಾಗೆ ತಿರುಗಿಸಿ ನೋಡಿದಳು. ಮೇಜಿನ ಹತ್ತಿರ ಕರೆದೊಯ್ದು ಬಿಳಿ ಹಾಳೆಯ ಮೇಲೆ ಇಡಿಸಿದಳು, ನನ್ನ ಕಡೆ ಕೈ ಚಾಚಿದಳು. ಪೆನ್ಸಿಲು ಕೊಟ್ಟೆ. ಅವಳೇ ಗೆರೆ ಎಳೆದಳು. ಕಿರುಬೆರಳಿಗೆ ಬಂದಾಗ ಅರ್ಧಕ್ಕೆ ತಿರುಗಿಸಿಕೊಂಡು ಬಂದಳು. ನನಗೊಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರ ಕಣ್ಣೂ ಆ ಕೈಯ ಮೇಲಿದ್ದಾಗ ಗಯಾ ಕೈಗವಸನ್ನು ಮಡಚಿ ಮೇಜಿನ ಮೂಲೆಗೆ ಇಟ್ಟಳು. ನನ್ನ ಸೆರಗು ಜಗ್ಗಿ ಕೇಳಿದಳು.

“ಈಗ ನಾ ಯಾರ್ರಿ ಬಾಯೋರ?”

೯ ಫೆಬ್ರವರಿ ೧೯೭೯

ಹುಮನಾಬಾದಿನಿಂದ ಕಾಗದ. ಭೀಮಬಾಯಿಯ ಜಾಗ ಅವಳದ್ದೇ. ಅದನ್ನು ಬರೆದು ಕೊಡುವ ತನಕ ಇಂಗ್ರಿಡ್ ಮೂರು ದಿನ ಸಾಹೇಬರ ಎದುರಿನ ಕುರ್ಚಿಯಿಂದ ಎದ್ದಿಲ್ಲ ಎಂದು ವಜೀರ್ ಹೇಳಿದ. ನಲವತ್ತು ತಾಟೂ ಹಾಗೇ ಉಳಿದವು. ನನ್ನ ಕೆಲಸ ಹೋಯಿತು. ಸಾಹೇಬರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಗಯಾ ರಾಜೇಶ್ವರಕ್ಕೆ ಹಿಂತಿರುಗಬೇಕೆಂದು ಆದೇಶ. ಯಾರ ಮನೆಗೆ ಎಂದು ಆದೇಶದಲ್ಲಿಲ್ಲ. ಎರಡು ದಿನ ನನ್ನ ಕೋಣೆಯಲ್ಲಿ ಇರಲಿ ಎಂದಿದ್ದೇನೆ. ಎರಡೇ ದಿನ.

೨೪ ಜೂನ್ ೧೯೭೯, ಭಾನುವಾರ

ಬಹಳ ದಿನ ಇದನ್ನು ತೆರೆಯಲಿಲ್ಲ. ತಹಸೀಲ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತೇನೆ. ಅವರು ಹೇಳಿದ್ದನ್ನಷ್ಟೇ ಬರೆಯುತ್ತೇನೆ, ಅದಕ್ಕೆ ಕೆಲವರಿಗೆ ಸಿಟ್ಟು. ಗಯಾಳನ್ನು ಸರ್ಕಾರಿ ಶಾಲೆಗೆ ಸೇರಿಸಿದೆ. ಮಳೆ ಶುರುವಾಗಿದೆ. ನಿನ್ನೆ ರಾತ್ರಿ ಬಾಡಿಗೆ ಕೋಣೆಯ ತಗಡಿನ ಸದ್ದಿಗೆ ಅವಳಿಗೆ ಎಚ್ಚರವಾಗಲಿಲ್ಲ. ನನಗೂ ಆಗಲಿಲ್ಲ ಎಂದು ಬೆಳಿಗ್ಗೆ ಗೊತ್ತಾಯಿತು.

ಮಧ್ಯಾಹ್ನ ಭೀಮಬಾಯಿ ಓಡುತ್ತಾ ಬಂದಳು. ಹೊಸ ಪಾರ್ಸಲ್, ಹಸಿರು ಕೈಗವಸು. ಎಡಗೈಯ ಕಿರುಬೆರಳನ್ನು ಅರ್ಧಕ್ಕೇ ಹೆಣೆದು ಮುಗಿಸಿದ್ದಾಳೆ ಮುದುಕಿ. ಹುಡುಗಿ ಹಾಕಿಕೊಂಡು ತೋರಿಸಿದಳು. ಬೆಂಡು ಬೇಕಾಗಲಿಲ್ಲ. ಜೊತೆಗೊಂದು ಕಾಗದ. ಹೊಸದಾಗಿ ಬಂದ ಬಾಯಿಯವರಿಗೆ ಕೊನೆಯ ಭಾಗ ಅರ್ಥವಾಗಲಿಲ್ಲವಂತೆ, ನೀವು ಓದಿ ಎಂದಳು. ಗಯಾ ಒಲೆಯ ಹತ್ತಿರ ಕೂತಿದ್ದಳು. ಇಬ್ಬರಿಗೂ ಕೇಳುವ ಹಾಗೆ ಓದಿದೆ, ಒಂದು ಪದವನ್ನೂ ಬಿಡದೆ, ಒಂದನ್ನೂ ಸೇರಿಸದೆ:

“ನನ್ನ ಗೋಡೆಯ ಮೇಲೆ ಹಳೆಯ ಹತ್ತು ಕೈಗಳನ್ನು ಮತ್ತೆ ಅಂಟಿಸಿದ್ದೇನೆ. ಐದು ನಿನ್ನವು. ಉಳಿದ ಐದು ಇನ್ನೊಬ್ಬ ಹುಡುಗಿಯವು. ನಾನು ಅವಳ ಕೈಯನ್ನು ಕೆನ್ನೆಗೆ ಒತ್ತಿಕೊಂಡೆ. ಆಮೇಲೆ ಅವಳ ಹೆಸರು ಕೇಳುವುದನ್ನೇ ಮರೆತು ಬಂದೆ. ಅದು ನನ್ನನ್ನು ಚುಚ್ಚುತ್ತಿದೆ. ಆ ಕೈಗಳ ಕೆಳಗೆ ಹೆಸರು ಬರೆಯಬೇಕು. ದಯವಿಟ್ಟು ತಿಳಿಸು.”

ಭೀಮಬಾಯಿಯೇ ನನ್ನ ಚೀಲದಿಂದ ಹಾಳೆ ತೆಗೆದು ನೆಲದ ಮೇಲೆ ಹಾಸಿದಳು. ಗಯಾ ಎಡಗೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು ಊರಿದಳು. ಗೆರೆ ಎಳೆದೆ. ಐದೇ ತಿಂಗಳಲ್ಲಿ ಬೆರಳು ಉದ್ದವಾಗಿವೆ. ಕೆಳಗೆ ಹೆಸರು ನೀನೇ ಬರೆ ಎಂದು ಪೆನ್ನು ಅವಳಿಗೆ ಕೊಟ್ಟೆ.

ತಲೆ ಬಗ್ಗಿಸಿ ದುಂಡಗೆ ಒಂದು ಅಕ್ಷರ ಬರೆದಳು. ‘ಭೀ’. ಅಲ್ಲಿಗೆ ಕೈ ನಿಂತಿತು. ಅಳಿಸಲು ರಬ್ಬರು ಕೇಳಿದಳು. ಪೆನ್ನಿನದು ಅಳಿಯುವುದಿಲ್ಲ, ಅದರ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಬರೆ, ಇಂಗಿರಿಬಾಯಿಗೆ ಅದೂ ಕಾಣಲಿ ಎಂದೆ.

ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: ಗಯಾಬಾಯಿ.

ನಾಳೆ ಮುಂಜಾನೆ ಅಂಚೆಗೆ ಹಾಕಬೇಕು.